ಉಪ್ಪಿನಕಾಯಿ ಭರಣಿಗೆ ಕಾರ್ಡಿನ ದುಡ್ಡು: ಯಾವ ದಾರಿಯಲ್ಲಿ ತರಿಸಿಕೊಳ್ಳುವುದು?

ಪ್ರಶ್ನೆ: ನಮ್ಮದು ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಊರು. ಆರು ವರ್ಷಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ತೊಡದೇವು, ಒಣ ಮುರುಗಲು ಸಿಪ್ಪೆ ಇವನ್ನೆಲ್ಲ ಮನೆಯಲ್ಲೇ ಮಾಡಿ ಮಾರುತ್ತಿದ್ದೇನೆ. ತಿಂಗಳಿಗೆ ನಲವತ್ತು–ಐವತ್ತು ಆರ್ಡರು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಹೆಚ್ಚಿನವು ಬೆಂಗಳೂರು, ಮುಂಬೈ, ಪುಣೆಯಿಂದ. ಈಗ ಸ್ವಂತ ಜಾಲತಾಣ ಮಾಡಿಸುತ್ತಿದ್ದೇನೆ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತೀರಾ ಎಂದು ಗಿರಾಕಿಗಳು ಕೇಳುತ್ತಾರೆ. ಅಮೆರಿಕದಲ್ಲಿರುವ ಮಕ್ಕಳು ಬೆಂಗಳೂರಿನ ಅಪ್ಪ ಅಮ್ಮನಿಗೆ ನಮ್ಮಿಂದ ಕಳುಹಿಸಿಕೊಡುವುದೂ ಇದೆ. ಜಾಲತಾಣ ಮಾಡುವ ಹುಡುಗ, ‘ಕಾರ್ಡ್ ನಂಬರ್ ತುಂಬುವ ಫಾರಂ ನಾನೇ ಮಾಡಿಕೊಡುತ್ತೇನೆ, ಕಾರ್ಡಿನ ಹಣ ತರಿಸಿಕೊಡುವ ಗೇಟ್‌ವೇ ಕಂಪನಿಯ ಖರ್ಚು ಉಳಿಯುತ್ತದೆ’ ಎನ್ನುತ್ತಾನೆ. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ಬೇಕು, ಮೊದಲಿಗೇ ಒಂದಿಷ್ಟು ಶುಲ್ಕ ಕಟ್ಟಬೇಕು ಎಂದರು. ಫೋನ್ ಮಾಡಿದ ಇನ್ನೊಬ್ಬರು ಕಮಿಷನ್ನೇ ಇಲ್ಲ ಎಂದರು. ನಮ್ಮನೆಯವರು, ‘ಯುಪಿಐ ಪುಕ್ಕಟೆ ಇರುವಾಗ ನೂರಕ್ಕೆ ಎರಡು ಏಕೆ ಕೊಡಬೇಕು? ಮೇಲಾಗಿ ಯಾರದೋ ಕಾರ್ಡ್ ಕಳುವಾದರೆ ಪೊಲೀಸರು ನಮ್ಮನೆ ಬಾಗಿಲಿಗೆ ಬರುತ್ತಾರೆ’ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಎರಡು ಮೂರು ದಿನ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಏನು ಮಾಡಲಿ?

ಉತ್ತರ: ನಾಲ್ವರು ನಿಮಗೆ ನಾಲ್ಕು ಮಾತು ಹೇಳಿದ್ದಾರೆ. ಬ್ಯಾಂಕಿನವರ ಮಾತು ಅರ್ಧ ಸರಿ. ನಿಮ್ಮ ಯಜಮಾನರ ಮಾತು ಮುಕ್ಕಾಲು ಸರಿ. ಫೋನ್ ಮಾಡಿದವರ ಮಾತನ್ನು ಆಮೇಲೆ ನೋಡೋಣ. ಆದರೆ ಜಾಲತಾಣ ಮಾಡುತ್ತಿರುವ ಹುಡುಗನಿಗೆ ಮಾತ್ರ ಇವತ್ತೇ ಫೋನ್ ಮಾಡಿ, ಆ ಫಾರಂ ಬೇಡವೆಂದು ಹೇಳಿಬಿಡಿ. ಉಳಿದದ್ದನ್ನು ನಿಧಾನಕ್ಕೆ ಯೋಚಿಸಬಹುದು.

ಹುಡುಗ ಕೆಟ್ಟವನಿರಲಾರ. ಫಾರಂ ಮಾಡುವುದು ಅವನಿಗೆ ಅರ್ಧ ದಿನದ ಕೆಲಸ. ಗಿರಾಕಿ ಹೆಸರು, ವಿಳಾಸ ತುಂಬಿದ ಹಾಗೆಯೇ ಕಾರ್ಡಿನ ಹದಿನಾರು ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ತುಂಬುತ್ತಾನೆ. ಅದು ನಿಮ್ಮ ಇಮೇಲಿಗೋ ಜಾಲತಾಣದ ದತ್ತಾಂಶ ಸಂಗ್ರಹಕ್ಕೋ ಬಂದು ಕೂರುತ್ತದೆ. ಆಮೇಲೆ ನೀವು ಅದನ್ನು ಎಲ್ಲೋ ಒಂದು ಕಡೆ ಒತ್ತಿ ಹಣ ವಸೂಲು ಮಾಡಬೇಕು. ಭಾರತದ ಕಾರ್ಡಿನಲ್ಲಿ ಇದು ನಡೆಯುವುದೇ ಇಲ್ಲ. ಆನ್‌ಲೈನ್ ಪಾವತಿಗೆ ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳ ಜತೆಗೆ ಇನ್ನೊಂದು ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದೆ. ನಮಗೆಲ್ಲ ಗೊತ್ತಿರುವ ಓಟಿಪಿ ಅದೇ. ಓಟಿಪಿ ಬರುವುದು ಗಿರಾಕಿಯ ಮೊಬೈಲಿಗೆ. ನೀವು ಪುಣೆಯ ಗಿರಾಕಿಗೆ ಫೋನ್ ಮಾಡಿ ‘ಈಗ ಬಂದ ನಂಬರ್ ಹೇಳಿ’ ಎನ್ನಬೇಕಾಗುತ್ತದೆ. ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಹಗಲು ರಾತ್ರಿ ಸಂದೇಶ ಕಳುಹಿಸುವುದು ಸರಿಯಾಗಿ ಇದನ್ನೇ. ಬುದ್ಧಿವಂತ ಗಿರಾಕಿ ಫೋನ್ ಇಟ್ಟುಬಿಡುತ್ತಾನೆ. ಮುಗ್ಧ ಗಿರಾಕಿ ಹೇಳುತ್ತಾನೆ, ನಾಳೆ ಇನ್ನೊಬ್ಬ ವಂಚಕನಿಗೂ ಹೇಳುತ್ತಾನೆ.

ಎರಡನೆಯದು ಕಾನೂನಿನ ಮಾತು. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳೇ ಅಂದು ತಮ್ಮಲ್ಲಿದ್ದ ಸಂಖ್ಯೆಗಳನ್ನು ಅಳಿಸಿ, ಬದಲಿಗೆ ಟೋಕನ್ ಎಂಬ ಸಂಕೇತ ಇಟ್ಟುಕೊಂಡವು. ಲೆಕ್ಕ ಹೊಂದಿಸಿಕೊಳ್ಳಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನಷ್ಟೇ ಇಟ್ಟುಕೊಳ್ಳಬಹುದು. ಸಿವಿವಿಯನ್ನಂತೂ ಪಾವತಿ ಆದಮೇಲೆ ವ್ಯಾಪಾರಿ ಎಲ್ಲಿಯೂ ಉಳಿಸಕೂಡದು. ಪಿಸಿಐ ಡಿಎಸ್‌ಎಸ್ ಎಂಬ ಜಾಗತಿಕ ಭದ್ರತಾ ನಿಯಮದಲ್ಲಿ ಅದಕ್ಕೆ ವಿನಾಯಿತಿಯೇ ಇಲ್ಲ. ಆರ್ಡರ್ ಪುಸ್ತಕದ ಅಂಚಿನಲ್ಲಿ ಬರೆದಿಟ್ಟರೂ ಅದು ಉಳಿಸಿದಂತೆಯೇ. ಹಿಂದೊಮ್ಮೆ ಕರಾವಳಿಯ ಒಂದು ವಸತಿಗೃಹದಲ್ಲಿ ವಿದೇಶಿ ಅತಿಥಿಗಳ ಕಾರ್ಡ್ ಸಂಖ್ಯೆಗಳನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟದ್ದನ್ನು ನೋಡಿದ್ದೆ. ಪುಸ್ತಕ ಅಡುಗೆಮನೆಯ ಕಿಟಕಿಯ ಮೇಲಿತ್ತು.

ನಿಮ್ಮ ಯಜಮಾನರ ಪೊಲೀಸರ ಹೆದರಿಕೆಗೂ ಇಲ್ಲೇ ಉತ್ತರವಿದೆ. ಕಾರ್ಡ್ ತೆಗೆದುಕೊಳ್ಳುವುದರಿಂದ ಆ ಭಯ ಬರುವುದಿಲ್ಲ, ಕಾರ್ಡಿನ ಸಂಖ್ಯೆಯನ್ನು ಮುಟ್ಟುವುದರಿಂದ ಬರುತ್ತದೆ. ಸಂಖ್ಯೆ ನಿಮ್ಮ ಕೈಗೇ ಬರದಂಥ ವ್ಯವಸ್ಥೆಯಲ್ಲಿ ನಿಮ್ಮಿಂದ ಕದಿಯಲು ಏನೂ ಇರುವುದಿಲ್ಲ. ಹಾಗಾಗಿ ನಾನು ಯಾವ ಸಣ್ಣ ವ್ಯಾಪಾರಿಗೆ ಸಲಹೆ ಕೊಡುವಾಗಲೂ ಮೊದಲು ನೋಡುವುದು, ಗಿರಾಕಿ ಕಾರ್ಡಿನ ಅಂಕಿ ಒತ್ತುವ ಪುಟ ಯಾರದು ಎಂಬುದನ್ನು. ಅದು ನಿಮ್ಮದಾಗಿರಬಾರದು.

ಹಾಗಾದರೆ ಯಾರದಾಗಿರಬೇಕು? ಅಡಿಕೆ ಮಾರಿದವರಿಗೆ ಇದನ್ನು ವಿವರಿಸುವುದು ಸುಲಭ. ನೀವು ಚಾಲಿಯನ್ನೋ ರಾಶಿಯನ್ನೋ ಮಾರಾಟ ಸಂಘಕ್ಕೆ ಒಯ್ಯುತ್ತೀರಿ. ಟೆಂಡರಿನಲ್ಲಿ ವ್ಯಾಪಾರಿ ಕೊಳ್ಳುತ್ತಾನೆ. ಅವನು ದುಡ್ಡನ್ನು ನಿಮ್ಮ ಕೈಗೆ ಎಣಿಸುವುದಿಲ್ಲ. ಸಂಘ ಅವನಿಂದ ವಸೂಲು ಮಾಡಿ, ತನ್ನ ದಲಾಲಿ ಹಿಡಿದು, ಉಳಿದದ್ದನ್ನು ನಿಮ್ಮ ಖಾತೆಗೆ ಜಮೆ ಮಾಡುತ್ತದೆ. ವ್ಯಾಪಾರಿ ಯಾರು, ಅವನ ದುಡ್ಡು ಯಾವ ಬ್ಯಾಂಕಿನದು ಎಂಬ ತಲೆನೋವು ನಿಮಗಿಲ್ಲ. ಪೇಮೆಂಟ್ ಅಗ್ರಿಗೇಟರ್ ಎಂಬ ಕಂಪನಿಗಳ ಕೆಲಸವೂ ಹೆಚ್ಚುಕಡಿಮೆ ಇದೇ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಎವೆನ್ಯೂ ಮುಂತಾದವು ಈ ಸಾಲಿನವು. ಎಲ್ಲರೂ ರೂಢಿಯಲ್ಲಿ ‘ಗೇಟ್‌ವೇ’ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಆದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವಿದೆ. ಹಣವನ್ನು ಮುಟ್ಟದೆ ತಾಂತ್ರಿಕ ದಾರಿಯನ್ನಷ್ಟೇ ಕೊಡುವುದು ಗೇಟ್‌ವೇ. ಗಿರಾಕಿಯ ಹಣವನ್ನು ತಾನು ಪಡೆದು ನಿಮಗೆ ದಾಟಿಸುವುದು ಅಗ್ರಿಗೇಟರ್. ಇಂಥ ಕಂಪನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು, ವ್ಯಾಪಾರಿಗಳ ಹಣವನ್ನು ಎಸ್ಕ್ರೋ ಎಂಬ, ತನ್ನ ಖರ್ಚಿಗೆ ಬಳಸಲಾಗದ ಪ್ರತ್ಯೇಕ ಖಾತೆಯಲ್ಲೇ ಇಡಬೇಕು ಎಂಬ ನಿಯಮ 2020ರ ಮಾರ್ಚಿನಲ್ಲಿ ಬಂತು. ಬ್ಯಾಂಕಲ್ಲದ ಕಂಪನಿಗಳು ಅನುಮತಿ ಕೋರುವಾಗ ಕನಿಷ್ಠ 15 ಕೋಟಿ ರೂಪಾಯಿ ನಿವ್ವಳ ಆಸ್ತಿ ತೋರಿಸಬೇಕು.

ಕಮಿಷನ್ನೇ ಇಲ್ಲವೆಂದು ಫೋನ್ ಮಾಡಿದವರನ್ನು ಅಳೆಯುವ ಸೇರು ಇದೇ. ಕಂಪನಿಯ ನೋಂದಾಯಿತ ಹೆಸರು ಕೇಳಿ. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಹೆಸರು ಅಲ್ಲಿ ಇಲ್ಲದಿದ್ದರೆ, ‘ನಾವು ಇಂಥವರ ಏಜೆಂಟರು’ ಎಂದರೆ, ಆ ಇಂಥವರಲ್ಲೇ ನೇರವಾಗಿ ಖಾತೆ ತೆರೆಯಿರಿ. ಕ್ರೆಡಿಟ್ ಕಾರ್ಡಿಗೆ ಸೊನ್ನೆ ಕಮಿಷನ್ ಎಂದರೆ ಆ ಖರ್ಚು ಬೇರೆ ಯಾವುದೋ ಹೆಸರಿನಲ್ಲಿ ಬರುತ್ತದೆ. ವಾರ್ಷಿಕ ಶುಲ್ಕ ಆಗಿರಬಹುದು, ಜಾಲತಾಣದ ಬಾಡಿಗೆ ಆಗಿರಬಹುದು, ನಿಮ್ಮ ಹಣವನ್ನು ಹದಿನೈದು ದಿನ ತಮ್ಮಲ್ಲೇ ಇಟ್ಟುಕೊಳ್ಳುವುದೂ ಆಗಿರಬಹುದು.

ಈಗ ನೂರಕ್ಕೆ ಎರಡರ ಮಾತು. ವ್ಯಾಪಾರಿಯಿಂದ ಹಿಡಿಯುವ ಈ ದಲಾಲಿಗೆ ಬ್ಯಾಂಕಿನವರು ಎಂಡಿಆರ್ ಎನ್ನುತ್ತಾರೆ. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಅದು ಸೊನ್ನೆ. ಬೇರೆ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ: ವರ್ಷದ ವಹಿವಾಟು 20 ಲಕ್ಷದೊಳಗಿನ ವ್ಯಾಪಾರಿಗೆ ಆನ್‌ಲೈನ್ ಪಾವತಿಯಲ್ಲಿ ಗರಿಷ್ಠ ಶೇ 0.40, ಅದಕ್ಕಿಂತ ದೊಡ್ಡವರಿಗೆ ಶೇ 0.90. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ಅಲ್ಲಿ ಬ್ಯಾಂಕ್ ಗಿರಾಕಿಗೆ ತಿಂಗಳೊಪ್ಪತ್ತು ಬಡ್ಡಿಯಿಲ್ಲದ ಸಾಲ ಕೊಡುತ್ತದೆ, ರಿವಾರ್ಡ್ ಪಾಯಿಂಟು ಕೊಡುತ್ತದೆ. ಬೆಂಗಳೂರಿನ ಗಿರಾಕಿ ಆ ಪಾಯಿಂಟುಗಳಲ್ಲಿ ವಿಮಾನ ಹತ್ತಿದರೆ ಅದರಲ್ಲಿ ನಿಮ್ಮ ಭರಣಿಯದೂ ಒಂದು ಮಿಡಿ ಪಾಲಿದೆ ಎಂದುಕೊಳ್ಳಿ. ಗೇಟ್‌ವೇಗಳ ಸಾಮಾನ್ಯ ದರ ಶೇ 2ರ ಆಸುಪಾಸು. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಆದರೆ 2,000 ರೂಪಾಯಿವರೆಗಿನ ಕಾರ್ಡ್ ಪಾವತಿಗೆ ಅದಿಲ್ಲ.

ಲೆಕ್ಕ ಹಾಕೋಣ. 850 ರೂಪಾಯಿಯ ಒಂದು ಆರ್ಡರು. ಶುಲ್ಕ 17 ರೂಪಾಯಿ, ಜಿಎಸ್‌ಟಿ ಇಲ್ಲ. ನಿಮ್ಮ ಖಾತೆಗೆ ಬರುವುದು 833 ರೂಪಾಯಿ. ತಿಂಗಳಿಗೆ ಇಂಥ ಐವತ್ತು ಆರ್ಡರುಗಳಲ್ಲಿ ಇಪ್ಪತ್ತು ಕ್ರೆಡಿಟ್ ಕಾರ್ಡಿನವು ಎಂದರೆ ಕಳೆಯುವುದು 340 ರೂಪಾಯಿ. ಕೊರಿಯರಿನಲ್ಲಿ ಒಂದು ಭರಣಿ ಒಡೆದು ಎಣ್ಣೆ ಸೋರಿ ಪಕ್ಕದ ತೊಡದೇವಿನ ಪೊಟ್ಟಣವೂ ಹಾಳಾದರೆ ಅದರ ಎರಡರಷ್ಟು ಹೋಗುತ್ತದೆ. ಯಜಮಾನರ ಮಾತು ಮುಕ್ಕಾಲು ಸರಿ ಎಂದದ್ದು ಇದಕ್ಕೇ. ಯುಪಿಐ ಮುಂದಿಡಿ, ನಿಮ್ಮ ಹೆಚ್ಚಿನ ಗಿರಾಕಿಗಳು ಅದರಲ್ಲೇ ಕೊಡುತ್ತಾರೆ. ಆದರೆ ಕಾರ್ಡ್ ಬಾಗಿಲು ಮುಚ್ಚಿದರೆ ಉಳಿಯುವ 340 ರೂಪಾಯಿಗಿಂತ ಕೈತಪ್ಪುವ ಆರ್ಡರು ದೊಡ್ಡದಿರುತ್ತದೆ. ಹಬ್ಬಕ್ಕೆ ಹತ್ತು ಮನೆಗೆ ಒಟ್ಟಿಗೆ ಕಳುಹಿಸುವವರು ಕಾರ್ಡಿನವರೇ ಆಗಿರುವುದು ನಾನು ಬಹಳ ಕಡೆ ಕಂಡದ್ದು.

ಹಾಗೆಂದು ‘ಕಾರ್ಡಿನಲ್ಲಿ ಕೊಟ್ಟರೆ ಶೇ 2 ಹೆಚ್ಚು’ ಎಂದು ಜಾಲತಾಣದಲ್ಲಿ ಹಾಕಬೇಡಿ. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಗಿರಾಕಿಯ ಮೇಲೆ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಕ್ರೆಡಿಟ್ ಕಾರ್ಡಿನ ವಿಷಯ ನೀವು ಗೇಟ್‌ವೇ ಜತೆ ಮಾಡಿಕೊಳ್ಳುವ ಒಪ್ಪಂದದಲ್ಲಿರುತ್ತದೆ. ಭರಣಿಯ ಬೆಲೆಯನ್ನೇ ಹತ್ತು ರೂಪಾಯಿ ಏರಿಸುವುದು ಮರ್ಯಾದೆಯ ದಾರಿ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐ ಆ್ಯಪಿಗೆ ಜೋಡಿಸಬಹುದಾಗಿದೆ. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ಕ್ರೆಡಿಟ್ ಕಾರ್ಡಿನಿಂದಲೇ ಕೊಡುತ್ತಾನೆ. ನೀವು ಈಗ ಬಳಸುತ್ತಿರುವ ವೈಯಕ್ತಿಕ ಯುಪಿಐ ಐಡಿಗೆ ಆ ಹಣ ಬರುವುದಿಲ್ಲ, ವ್ಯಾಪಾರಿಯ ಕ್ಯೂಆರ್ ಇರಬೇಕು. ಜಾಲತಾಣ ಸಿದ್ಧವಾಗುವ ಮೊದಲೇ ಅದನ್ನೊಂದು ಮಾಡಿಸಿಕೊಳ್ಳಿ. ವೀಸಾ, ಮಾಸ್ಟರ್‌ಕಾರ್ಡಿನವರಿಗೆ ಈ ದಾರಿ ಇಲ್ಲ.

ದಾರಿಗಳು ಯಾವುವು

ಎಲ್ಲಕ್ಕಿಂತ ಸುಲಭದ್ದು ಪೇಮೆಂಟ್ ಲಿಂಕ್. ಜಾಲತಾಣವೇ ಬೇಡ. ಗೇಟ್‌ವೇ ಕಂಪನಿಯಲ್ಲಿ ಖಾತೆ ತೆರೆದು, ಆರ್ಡರ್ ಬಂದಾಗ ಮೊಬೈಲಿನಲ್ಲೇ 850 ರೂಪಾಯಿಯ ಒಂದು ಕೊಂಡಿ ತಯಾರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೀರಿ. ಗಿರಾಕಿ ಅದನ್ನು ಒತ್ತಿ, ಕಂಪನಿಯ ಪುಟದಲ್ಲಿ ಕಾರ್ಡೋ ಯುಪಿಐಯೋ ಆರಿಸಿ ಕೊಡುತ್ತಾನೆ. ತಿಂಗಳಿಗೆ ಐವತ್ತು ಆರ್ಡರಿಗೆ ಇದು ಧಾರಾಳ ಸಾಕು. ತೊಂದರೆ ಎಂದರೆ ಪ್ರತಿ ಆರ್ಡರಿಗೂ ನೀವೇ ಕೂರಬೇಕು. ಮಿಡಿ ತೊಳೆಯುವ ಕೈಯಲ್ಲಿ ಕೊಂಡಿ ತಯಾರಿಸುವುದು ಸಾಧ್ಯವಿಲ್ಲ.

ಜಾಲತಾಣ ಬೇಕೇ ಬೇಕೆಂದರೆ ಗೇಟ್‌ವೇಯ ಸಿದ್ಧ ಪಾವತಿ ಪುಟವನ್ನು ಜೋಡಿಸಿಕೊಳ್ಳಿ. ಗಿರಾಕಿ ನಿಮ್ಮ ಪುಟದಲ್ಲಿ ಎರಡು ಭರಣಿ ಆರಿಸಿ ‘ಹಣ ಪಾವತಿಸಿ’ ಒತ್ತಿದ ಕೂಡಲೇ ಗೇಟ್‌ವೇಯ ಕಿಟಕಿ ತೆರೆದುಕೊಳ್ಳುತ್ತದೆ. ಕಾರ್ಡಿನ ಅಂಕಿ ಅಲ್ಲಿ, ಓಟಿಪಿ ಅದರಾಚೆ ಬ್ಯಾಂಕಿನ ಪುಟದಲ್ಲಿ. ಕೆಲಸ ಮುಗಿದಮೇಲೆ ಗಿರಾಕಿ ನಿಮ್ಮ ಪುಟಕ್ಕೆ ಮರಳುತ್ತಾನೆ. ನಿಮ್ಮ ಹುಡುಗನಿಗೆ ಇದು ಒಂದೆರಡು ದಿನದ ಕೆಲಸ. ನಾನು ನಿಮಗೆ ಹೇಳುವ ದಾರಿ ಇದು.

ತಿಂಗಳ ಬಾಡಿಗೆಗೆ ಇಡೀ ಅಂಗಡಿಯನ್ನೇ ಸಿದ್ಧಪಡಿಸಿ ಕೊಡುವ ವೇದಿಕೆಗಳೂ ಇವೆ. ಅಂದವಾಗಿರುತ್ತವೆ. ಕೆಲವು ತಮ್ಮ ಬಾಡಿಗೆಯ ಜತೆಗೆ ಪ್ರತಿ ಮಾರಾಟಕ್ಕೂ ಇನ್ನೊಂದು ಶೇಕಡಾವಾರು ಹಿಡಿಯುತ್ತವೆ, ಗೇಟ್‌ವೇಯ ದಲಾಲಿ ಬೇರೆ. ಎರಡನ್ನೂ ಕೂಡಿಸಿ ನೋಡದೆ ಸಹಿ ಹಾಕಬೇಡಿ. ಬ್ಯಾಂಕಿನ ಸ್ವಂತ ಗೇಟ್‌ವೇ ತಿಂಗಳಿಗೆ ಲಕ್ಷಗಟ್ಟಲೆ ವಹಿವಾಟು ಇರುವವರಿಗೆ ಲಾಭದ್ದು. ದರದಲ್ಲಿ ಚೌಕಾಸಿ ಮಾಡಬಹುದು, ಆದರೆ ಕಾಗದಪತ್ರ ಹೆಚ್ಚು, ಏನಾದರೂ ಕೆಟ್ಟರೆ ಶಾಖೆಯಲ್ಲಿ ಉತ್ತರಿಸುವವರು ಸಿಗುವುದಿಲ್ಲ. ಇನ್ನು ಯೂಟ್ಯೂಬಿನ ಪಾಠಗಳಲ್ಲಿ ಕಾಣುವ ಪೇಪಾಲ್ ಗುಂಡಿ: ಪೇಪಾಲ್ ಭಾರತದೊಳಗಿನ ಪಾವತಿ ಸೇವೆಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಬೆಂಗಳೂರಿನ ಗಿರಾಕಿ ಅದರಲ್ಲಿ ನಿಮಗೆ ಕೊಡಲಾರ.

ಮಳೆ, ನೆಟ್‌ವರ್ಕ್ ಮತ್ತು ಕಳೆದುಹೋದ ಚೀಟಿ

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ ಪ್ರಶ್ನೆ ಮಳೆಗಾಲದ್ದು. ಹೆಚ್ಚಿನವರಿಗೆ ಇದು ಹೊಳೆಯುವುದೇ ಅಂಗಡಿ ತೆರೆದ ಮೇಲೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆಯುತ್ತೇನೆ. ನಿಮ್ಮ ಮನೆಯಲ್ಲಿ ಕರೆಂಟ್ ಹೋದರೆ ನಿಮ್ಮ ಜಾಲತಾಣ ನಿಲ್ಲುವುದಿಲ್ಲ. ಅದು ಇರುವುದು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಯಾವುದೋ ಸರ್ವರಿನಲ್ಲಿ. ಓಟಿಪಿ ಹೋಗುವುದು ಪುಣೆಯ ಗಿರಾಕಿಯ ಮೊಬೈಲಿಗೆ. ನೀವು ಕತ್ತಲಲ್ಲಿ ಕೂತಿದ್ದಾಗಲೂ ಆರ್ಡರುಗಳು ಬರುತ್ತಲೇ ಇರುತ್ತವೆ, ಹಣವೂ ಕಟ್ಟಲ್ಪಡುತ್ತದೆ. ತೊಂದರೆ ಅದೇ. ಮೂರು ದಿನದ ಮೇಲೆ ನೆಟ್‌ವರ್ಕ್ ಬಂದಾಗ ಹನ್ನೆರಡು ಆರ್ಡರು ಕಾದಿರುತ್ತವೆ, ಘಟ್ಟದ ರಸ್ತೆ ಕುಸಿದು ಕೊರಿಯರ್ ಗಾಡಿ ಬಂದಿರುವುದಿಲ್ಲ, ‘ದುಡ್ಡು ತೆಗೆದುಕೊಂಡು ಸುಮ್ಮನಾಗಿದ್ದೀರಿ’ ಎಂಬ ಸಂದೇಶಗಳು ಸಾಲಾಗಿ ಬಿದ್ದಿರುತ್ತವೆ. ಹುಡುಗನಿಗೆ ಹೇಳಿ ಒಂದು ಸ್ವಿಚ್ ಇಡಿಸಿಕೊಳ್ಳಿ. ಬೆಂಗಳೂರಿನ ತಂಗಿಯೋ ಮಗನೋ ಯಾರಾದರೂ ಅದನ್ನು ಒತ್ತಿದರೆ ‘ಮಳೆಯ ಕಾರಣ ಈ ವಾರ ರವಾನೆ ಇಲ್ಲ’ ಎಂಬ ಫಲಕ ಬಂದು ಪಾವತಿ ನಿಲ್ಲಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲುಪುವ ಅವಧಿಯನ್ನು ಹತ್ತು ದಿನ ಎಂದೇ ಬರೆಯಿರಿ. ಮೊದಲೇ ಹೇಳಿದರೆ ಗಿರಾಕಿ ಕಾಯುತ್ತಾನೆ.

ಇನ್ನೊಂದು ತೊಂದರೆ ತಾಂತ್ರಿಕವಾದದ್ದು, ಆದರೆ ನೀವೇ ತಿಳಿದಿರಬೇಕಾದದ್ದು. ಗಿರಾಕಿಯ ಕಾರ್ಡಿನಿಂದ ಹಣ ಹೋಗಿದೆ, ನಿಮ್ಮಲ್ಲಿ ಆರ್ಡರೇ ಇಲ್ಲ. ಏಕೆ ಹೀಗಾಗುತ್ತದೆ? ಅಗ್ಗದಲ್ಲಿ ಮಾಡಿದ ಜಾಲತಾಣದಲ್ಲಿ ‘ಹಣ ಬಂತು’ ಎಂಬ ಚೀಟಿಯನ್ನು ಗಿರಾಕಿಯ ಮೊಬೈಲಿನ ಕೈಯಲ್ಲೇ ಕೊಟ್ಟು ಕಳುಹಿಸುತ್ತಾರೆ. ಓಟಿಪಿ ಒತ್ತಿದ ಗಿರಾಕಿ ನಿಮ್ಮ ಪುಟಕ್ಕೆ ಮರಳುವ ಮೊದಲೇ ರೈಲು ಸುರಂಗದೊಳಗೆ ಹೊಕ್ಕರೆ, ಬ್ಯಾಟರಿ ಮುಗಿದರೆ, ಚೀಟಿ ದಾರಿಯಲ್ಲೇ ಕಳೆದುಹೋಯಿತು. ಸರಿಯಾದ ಕ್ರಮದಲ್ಲಿ ಗೇಟ್‌ವೇಯ ಸರ್ವರ್ ನಿಮ್ಮ ಜಾಲತಾಣದ ಸರ್ವರಿಗೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಒಮ್ಮೆ ಬಾಗಿಲು ತೆರೆಯದಿದ್ದರೆ ಮತ್ತೆ ಮತ್ತೆ ಬಂದು ತಟ್ಟುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ‘ವೆಬ್‌ಹುಕ್ ಹಾಕಿದ್ದೀಯಾ, ಅದರ ಸಹಿ ತಾಳೆ ನೋಡುತ್ತೀಯಾ’ ಎಂದು ನಿಮ್ಮ ಹುಡುಗನನ್ನು ಕೇಳಿ. ಸಹಿ ತಾಳೆ ನೋಡದಿದ್ದರೆ ಯಾರು ಬೇಕಾದರೂ ‘ಹಣ ಬಂತು’ ಎಂದು ಸುಳ್ಳು ಚೀಟಿ ಹಾಕಬಹುದು. ಹಾಗೆಯೇ ಬೆಲೆಯನ್ನು ಸರ್ವರಿನಲ್ಲೇ ಲೆಕ್ಕ ಹಾಕಬೇಕು. ಕುಮಟಾ ಕಡೆಯ ಒಬ್ಬ ವ್ಯಾಪಾರಿಯ ಪುಟದಲ್ಲಿ ಬೆಲೆ ಗಿರಾಕಿಯ ಬ್ರೌಸರಿನಿಂದ ಹೋಗುತ್ತಿತ್ತು. ಯಾರೋ ಚತುರನೊಬ್ಬ ಅದನ್ನು ತಿದ್ದಿ ಒಂದು ಕಿಲೋ ಗೋಡಂಬಿಯನ್ನು ಒಂದು ರೂಪಾಯಿಗೆ ಕೊಂಡ. ಪಾವತಿ ಯಶಸ್ವಿ ಎಂದೇ ತೋರಿಸಿತ್ತು, ಯಶಸ್ವಿಯೂ ಆಗಿತ್ತು!

ಹಣ ಕಡಿತವಾಗಿ ನಿಮಗೆ ದೃಢೀಕರಣವೇ ಬರದಿದ್ದರೆ ಗಿರಾಕಿಗೆ ಧೈರ್ಯವಾಗಿ ಹೇಳಬಹುದಾದ ಒಂದು ನಿಯಮವಿದೆ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಇಂಥ ಆನ್‌ಲೈನ್ ಕಾರ್ಡ್ ಪಾವತಿ ಐದು ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಗಿರಾಕಿ ಅವಸರಪಡಿಸಿದನೆಂದು ನಿಮ್ಮ ಯುಪಿಐಯಿಂದ ವಾಪಸ್ ಹಾಕಿದಿರೋ, ಎರಡು ಸಲ ಕೊಟ್ಟಂತಾಗುತ್ತದೆ. ಮರುಪಾವತಿ ಯಾವಾಗಲೂ ಗೇಟ್‌ವೇಯ ಪುಟದಿಂದ, ಬಂದ ದಾರಿಯಲ್ಲೇ ಹೋಗಲಿ. ಮರುಪಾವತಿ ಮಾಡಿದರೂ ಮೊದಲು ಹಿಡಿದ ದಲಾಲಿ ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ, ಅದು ಹೋಯಿತೆಂದೇ ಲೆಕ್ಕ.

ಬಂದ ಹಣ ಮತ್ತೆ ಹೋಗುವುದು

ಯುಪಿಐಗೆ ಒಗ್ಗಿಕೊಂಡವರಿಗೆ ಹೊಸದಾಗಿ ಕಾಣುವುದು ಚಾರ್ಜ್‌ಬ್ಯಾಕ್. ಗಿರಾಕಿ ತನ್ನ ಬ್ಯಾಂಕಿಗೆ ‘ಸಾಮಾನು ಬರಲಿಲ್ಲ’, ‘ಒಡೆದು ಬಂತು’, ‘ನಾನು ಕೊಂಡೇ ಇಲ್ಲ’ ಎಂದು ದೂರು ಕೊಟ್ಟರೆ ಆ ಮೊತ್ತವನ್ನು ನಿಮ್ಮಿಂದ ಹಿಡಿದಿಡುತ್ತಾರೆ. ಕೆಲವೇ ದಿನಗಳೊಳಗೆ ನೀವು ದಾಖಲೆ ಕೊಡಬೇಕು. ಸೂಚನೆ ಬರುವುದು ಇಮೇಲಿಗೆ. ಹಾಗಾಗಿ ಹುಡುಗನ ಇಮೇಲನ್ನು ಗೇಟ್‌ವೇ ಖಾತೆಗೆ ಕೊಡಬೇಡಿ, ನೀವು ದಿನವೂ ನೋಡುವ ವಿಳಾಸ ಕೊಡಿ. ಉತ್ತರಿಸದಿದ್ದರೆ ಸೋತಂತೆಯೇ.

ದಾಖಲೆ ಎಂದರೆ ದೊಡ್ಡದೇನಲ್ಲ. ಕೊರಿಯರ್ ರಸೀದಿ, ತಲುಪಿದ ದಿನಾಂಕ, ಗಿರಾಕಿಯೊಡನೆ ಆದ ಸಂದೇಶ, ಡಬ್ಬ ಕಟ್ಟುವ ಮುನ್ನ ತೆಗೆದ ಒಂದು ಫೋಟೊ. ನಿಮ್ಮ ಸರಕಿನಲ್ಲಿ ತೊಡದೇವು ನನಗೆ ಭಯ ಹುಟ್ಟಿಸುತ್ತದೆ. ಕಾಗದದಷ್ಟು ತೆಳ್ಳಗಿನ ತಿಂಡಿಯನ್ನು ಮುಂಬೈಗೆ ಇಡಿಯಾಗಿ ಮುಟ್ಟಿಸುತ್ತೇನೆಂದು ಯಾರೂ ಮಾತು ಕೊಡಲಾರರು. ‘ತುಂಡಾಗುವ ಸಾಧ್ಯತೆ ಇದೆ, ಅದಕ್ಕೆ ಮರುಪಾವತಿ ಇಲ್ಲ’ ಎಂದು ಆ ತಿಂಡಿಯ ಪುಟದಲ್ಲೇ, ಬೆಲೆಯ ಪಕ್ಕದಲ್ಲೇ ಬರೆಯಿರಿ. ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಬೇಡ. ಭರಣಿ ಒಡೆದರೆ ಮಾತ್ರ ಜಗಳಕ್ಕೆ ನಿಲ್ಲದೆ ಹಣ ಕೊಟ್ಟುಬಿಡಿ. ಚಾರ್ಜ್‌ಬ್ಯಾಕ್ ಹೆಚ್ಚಾದ ಖಾತೆಯನ್ನು ಗೇಟ್‌ವೇಗಳು ಮುಚ್ಚುವುದೂ ಉಂಟು.

‘ನಾನು ಕೊಂಡೇ ಇಲ್ಲ’ ಎಂಬ ದೂರಿನಲ್ಲಿ ಭಾರತದ ಕಾರ್ಡಿಗೂ ವಿದೇಶದ ಕಾರ್ಡಿಗೂ ಅಜಗಜಾಂತರ. ಓಟಿಪಿ ಒತ್ತಿ ಕೊಟ್ಟ ಪಾವತಿಗೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕೇ ಹೊಣೆ. ಅಮೆರಿಕದ ಎಷ್ಟೋ ಕಾರ್ಡುಗಳು ಓಟಿಪಿ ಇಲ್ಲದೆಯೇ ಸಾಗುತ್ತವೆ, ಅಲ್ಲಿ ಕದ್ದ ಕಾರ್ಡಾಗಿದ್ದರೆ ನಷ್ಟ ನಿಮ್ಮ ತಲೆಗೆ. ದಲಾಲಿಯೂ ಶೇ 3ರ ಹತ್ತಿರ. ವಿದೇಶಿ ಕಾರ್ಡಿನ ಸೌಲಭ್ಯ ತಾನಾಗಿ ಬರುವುದಿಲ್ಲ, ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಮೊದಲ ಆರು ತಿಂಗಳು ಕೇಳಲೇಬೇಡಿ. ಅಮೆರಿಕದ ಮಕ್ಕಳಲ್ಲಿ ಹೆಚ್ಚಿನವರಿಗೆ ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಐ ಖಾತೆ ಇರುತ್ತದೆ, ಅದರ ಡೆಬಿಟ್ ಕಾರ್ಡಿನಿಂದ ಕೊಡಲಿ. ಮುಂದೆ ಸೌಲಭ್ಯ ತೆಗೆದುಕೊಂಡಾಗ, ಪರಿಚಯವಿಲ್ಲದವರು ವಿದೇಶಿ ಕಾರ್ಡಿನಲ್ಲಿ ಹದಿನೈದು ಭರಣಿ ಕೊಂಡು ಲಾಡ್ಜಿನ ವಿಳಾಸಕ್ಕೆ ನಾಳೆಯೇ ಕಳುಹಿಸಿ ಎಂದರೆ ಒಮ್ಮೆ ಫೋನ್ ಮಾಡಿ ಮಾತನಾಡಿ. ಮಿಡಿ ಉಪ್ಪಿನಕಾಯಿ ಬೇಕಾದವರು ಮನೆ ವಿಳಾಸ ಕೊಡುತ್ತಾರೆ.

ಹಣ ಬಂದು ಸೇರುವ ವಿಷಯದಲ್ಲೂ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನಗಳಲ್ಲಿ ಖಾತೆಗೆ ಜಮೆಯಾಗುತ್ತದೆ. ಆದರೆ ವರ್ಷವಿಡೀ ತಿಂಗಳಿಗೆ ಮೂವತ್ತು ಸಾವಿರ ಬರುತ್ತಿದ್ದ ಖಾತೆಗೆ ಮಿಡಿಯ ಕಾಲದಲ್ಲಿ ಒಂದೇ ವಾರದಲ್ಲಿ ಎರಡು ಲಕ್ಷ ಬಂದರೆ ಗೇಟ್‌ವೇಯ ಕಂಪ್ಯೂಟರ್ ಸಂಶಯಪಟ್ಟು ಹಣ ತಡೆಹಿಡಿಯುತ್ತದೆ. ಅದಕ್ಕೆ ಅಪ್ಪೆಮಿಡಿಯ ಕಾಲ ತಿಳಿಯದು. ಖಾತೆ ತೆರೆಯುವಾಗಲೇ ‘ಮಾರ್ಚ್‌ನಿಂದ ಮೇ ತನಕ ವ್ಯಾಪಾರ ಹಲವು ಪಟ್ಟು’ ಎಂದು ಬರೆದುಕೊಡಿ. ಬೇಸಿಗೆಗೆ ಮುನ್ನ ಒಂದು ಇಮೇಲ್ ಹಾಕಿ.

ಕಾಗದಪತ್ರ

ಪ್ಯಾನ್, ಬ್ಯಾಂಕ್ ಖಾತೆ, ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಇವು ಬೇಕು. ಜಾಲತಾಣದಲ್ಲಿ ವಿಳಾಸ, ಫೋನ್, ಮರುಪಾವತಿ, ರವಾನೆ ಮತ್ತು ಗೋಪ್ಯತೆಯ ಪುಟಗಳಿರಬೇಕು. ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನ ಗೋಜಲಿನಿಂದ: ಜಾಲತಾಣದಲ್ಲಿ ಅಂಗಡಿಯ ಹೆಸರು, ಬ್ಯಾಂಕ್ ಖಾತೆ ಯಜಮಾನರದು, ಆಹಾರ ನೋಂದಣಿ ನಿಮ್ಮದು. ಎಲ್ಲವನ್ನೂ ನಿಮ್ಮ ಹೆಸರಿಗೇ ಮಾಡಿಸಿಕೊಳ್ಳಿ. ವ್ಯಾಪಾರ ನಿಮ್ಮದು ತಾನೆ? ಬ್ಯಾಂಕಿನವರ ಕರೆಂಟ್ ಅಕೌಂಟಿನ ಮಾತು ಸರಿ. ಕೆಲವು ಗೇಟ್‌ವೇಗಳು ಉಳಿತಾಯ ಖಾತೆಗೂ ಒಪ್ಪುತ್ತವೆ, ಆದರೆ ಹಾಲಿನ ದುಡ್ಡು, ಅಡಿಕೆಯ ದುಡ್ಡು, ಉಪ್ಪಿನಕಾಯಿಯ ದುಡ್ಡು ಒಂದೇ ಖಾತೆಯಲ್ಲಿ ಕಲೆತರೆ ಲೆಕ್ಕ ಬಿಡಿಸಲಾಗದು. ಒಪ್ಪದಿರಬೇಕಾದದ್ದು ಅವರ ಆರಂಭಿಕ ಶುಲ್ಕಕ್ಕೆ. ಅದಿಲ್ಲದ ಕಂಪನಿಗಳು ಸಾಕಷ್ಟಿವೆ.

ನೀವು ಕೇಳದಿದ್ದರೂ ಒಂದು ಮಾತು. ಸರಕು ಮಾರುವವರಿಗೆ ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ನಿಜ. ಆದರೆ ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ. ನಿಮ್ಮ ಭರಣಿಗಳು ಮುಂಬೈ, ಪುಣೆಗೆ ಹೋಗುತ್ತಿವೆ. ಶಿರಸಿಯಲ್ಲಿ ನಿಮಗೆ ಗೊತ್ತಿರುವ ತೆರಿಗೆ ಸಲಹೆಗಾರರನ್ನು ಈ ತಿಂಗಳೇ ಕಾಣಿ. ಕಾರ್ಡ್ ತೆಗೆದುಕೊಂಡರೆ ಮಾತ್ರ ಸರ್ಕಾರಕ್ಕೆ ಕಾಣುತ್ತದೆ, ಯುಪಿಐ ಆದರೆ ಕಾಣುವುದಿಲ್ಲ ಎಂದು ಯಾರಾದರೂ ಹೇಳಿದರೆ, 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟದ್ದನ್ನು ನೆನಪಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಅನುಮತಿ ಪಡೆದ ಒಂದು ಗೇಟ್‌ವೇಯಲ್ಲಿ ಖಾತೆಗೆ ಅರ್ಜಿ ಹಾಕುತ್ತಿದ್ದೆ. ಎರಡು ತಿಂಗಳು ಬರಿಯ ಪೇಮೆಂಟ್ ಲಿಂಕಿನಲ್ಲಿ ವ್ಯಾಪಾರ ನಡೆಸುತ್ತಿದ್ದೆ. ಎಷ್ಟು ಜನ ಕಾರ್ಡಿನಲ್ಲಿ ಕೊಟ್ಟರು, ಎಷ್ಟು ಜನ ಯುಪಿಐಯಲ್ಲಿ ಕೊಟ್ಟರು ಎಂದು ಆಗ ಗೊತ್ತಾಗುತ್ತದೆ. ಜಾಲತಾಣಕ್ಕೆ ಪಾವತಿ ಪುಟ ಜೋಡಿಸುವುದು ಆಮೇಲೆ, ಅದೇ ಖಾತೆ ಅಲ್ಲಿಗೂ ಸಲ್ಲುತ್ತದೆ.

ಜಾಲತಾಣ ತೆರೆಯುವ ಹಿಂದಿನ ದಿನ ಹುಡುಗನನ್ನು ಕೂರಿಸಿಕೊಂಡು ನಿಮ್ಮದೇ ಕಾರ್ಡಿನಿಂದ ಒಂದು ಪೊಟ್ಟಣ ಮುರುಗಲು ಕೊಳ್ಳಿ. ಓಟಿಪಿ ಒತ್ತಿದ ತಕ್ಷಣ ಮೊಬೈಲಿನ ಡೇಟಾ ಬಂದ್ ಮಾಡಿಬಿಡಿ. ಹತ್ತು ನಿಮಿಷದ ಮೇಲೆ ನೋಡಿದಾಗ ಆರ್ಡರ್ ನಿಮ್ಮ ಪಟ್ಟಿಯಲ್ಲಿ ಬಂದಿರಬೇಕು. ಬಂದಿರದಿದ್ದರೆ ವೆಬ್‌ಹುಕ್ ಸರಿಯಿಲ್ಲ, ಹುಡುಗನಿಗೆ ಬಾಕಿ ಹಣ ಕೊಡಬೇಡಿ. ಬಂದಿದ್ದರೆ ಗೇಟ್‌ವೇ ಪುಟದಿಂದ ಅದನ್ನು ಮರುಪಾವತಿ ಮಾಡಿ, ನಿಮ್ಮ ಕಾರ್ಡಿಗೆ ಹಣ ಮರಳಲು ಎಷ್ಟು ದಿನ ಹಿಡಿಯಿತೆಂದು ಆರ್ಡರ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಯಾವುದಾದರೂ ಗಿರಾಕಿ ‘ನನ್ನ ದುಡ್ಡು ಯಾವಾಗ ಬರುತ್ತದೆ’ ಎಂದು ಕೇಳಿದಾಗ ಆ ಅಂಕಿ ಬೇಕಾಗುತ್ತದೆ.